ಏಳನೇ ಕ್ಲಾಸಿನಾಚೆಯ ದಾರಿ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮದ್ರಾಸಿಗೆ ಒಂದು ವರದಿ ಕಳಿಸಿದ. ನಿಮ್ಮ ಸೀಮೆಯಲ್ಲಿ ಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು ಎಂದು ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಕಲೆಕ್ಟರುಗಳನ್ನೂ ಕೇಳಿದ್ದ. ಮನ್ರೋಗೆ ಬಳ್ಳಾರಿ ಹೊಸದಲ್ಲ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಮೊದಲ ಪ್ರಧಾನ ಕಲೆಕ್ಟರಾಗಿ ಬಂದವನೇ ಅವನು. ಏಳು ವರ್ಷ ಇಲ್ಲಿದ್ದು, ಪಾಳೆಯಗಾರರ ಸೀಮೆಗಳನ್ನು ಕಂದಾಯದ ಲೆಕ್ಕಕ್ಕೆ ತಂದಿದ್ದ. ಈಗ ಅದೇ ನೆಲದ ಮಕ್ಕಳ ಲೆಕ್ಕ ಅವನ ಮೇಜಿಗೆ ಬಂತು.

ಅನಂತಪುರವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಸಾವಿರಕ್ಕೆ ಏಳು ಮಂದಿಯೂ ಇಲ್ಲ. ಅವರಲ್ಲಿ ಹೆಣ್ಣುಮಕ್ಕಳು ಬರೀ 60. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಮರಾಠಿಯವು 23, ಪಾರಸಿಯವು 21, ತಮಿಳಿನವು 4. ಇಂಗ್ಲಿಷಿನದು ಒಂದೇ ಒಂದು.

ಕ್ಯಾಂಬೆಲ್ ಅಂಕಿಗಳಿಗೆ ನಿಲ್ಲಲಿಲ್ಲ. ಶಾಲೆಯ ಬೆಳಗನ್ನು ಹತ್ತಿರದಿಂದ ನೋಡಿ ಬರೆದ. ಆರು ಗಂಟೆಗೆಲ್ಲ ಮಕ್ಕಳು ಬರಬೇಕು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದೇ ಹೆಚ್ಚು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಕೈ ಕುದುರಿದ ಮೇಲೆ ಕಡತ. ಇದ್ದಿಲ ಕಪ್ಪು ಬಳಿದು ಗಟ್ಟಿ ಮಾಡಿದ ಬಟ್ಟೆಯ ಮಡಿಕೆ ಅದು. ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯಬಹುದು.

ಆ ವರದಿಯ ನಿಜವಾದ ಬೆಲೆ ಇರುವುದು ಅದು ಹೇಳಿದ ಕಾರಣದಲ್ಲಿ. ಜಿಲ್ಲೆಯಲ್ಲಿ ಶಾಲೆಗಳು ಕ್ಷೀಣಿಸುತ್ತಿರುವುದು ಜನ ಬಡವರಾಗುತ್ತಿರುವುದರಿಂದ ಎಂದು ಕ್ಯಾಂಬೆಲ್ ಮುಚ್ಚುಮರೆಯಿಲ್ಲದೆ ಬರೆದ. ಯುರೋಪಿನ ಬಟ್ಟೆ ಬಂದು ನೇಕಾರರ ಕೈ ಬರಿದಾಗಿದೆ. ಶಾಲೆಗೆ ಮೊದಲು ಸಿಗುತ್ತಿದ್ದ ರಾಜಾಶ್ರಯ ಈಗಿಲ್ಲ. ಎಳೆಯ ಕೈಗಳಿಗೆ ಅಷ್ಟಿಷ್ಟು ಕಸುವು ಬರುತ್ತಲೇ ತಂದೆತಾಯಿ ಮಕ್ಕಳನ್ನು ದುಡಿಮೆಗೆ ಹಚ್ಚಬೇಕಾಗಿದೆ. ಕಂಪನಿಯ ಅಧಿಕಾರಿಯೊಬ್ಬ ಕಂಪನಿಯ ಆಳ್ವಿಕೆಯ ಬಗ್ಗೆಯೇ ಹೀಗೆ ಬರೆದನೆಂಬುದು ದೊಡ್ಡ ಮಾತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಬಳ್ಳಾರಿಯ ಪಡುವಣ ಈ ಸೀಮೆಯಲ್ಲಿ ಪ್ರೌಢಶಿಕ್ಷಣ ಬೆಳೆದ ಕಥೆಗೆ ಆ ವರದಿಯಿಂದಲೇ ಶುರು ಹಚ್ಚಬೇಕು. ಮುಂದಿನ ಇನ್ನೂರು ವರ್ಷಗಳಲ್ಲಿ ಸರ್ಕಾರಗಳು ಬದಲಾದವು, ರಾಜ್ಯ ಬದಲಾಯಿತು, ಜಿಲ್ಲೆಗಳೂ ಬದಲಾದವು. ಹಣ ಬಂದಾಗಲೆಲ್ಲ ಅದು ನಕ್ಷೆಯ ಗೆರೆ ಹಿಡಿದು ಬಂತು. ಗೆರೆಯ ಈಚೆಗಿದ್ದ ಊರಿಗೆ ಸಿಕ್ಕಿದ್ದು ಆಚೆಗಿದ್ದ ಊರಿಗೆ ಸಿಗಲಿಲ್ಲ, ಎರಡೂ ಊರಿನ ಬಡತನ ಒಂದೇ ಆಗಿದ್ದರೂ.

ನೆಲವನ್ನು ಒಮ್ಮೆ ನೋಡಿ. ಗುಡೇಕೋಟೆಯ ಸುತ್ತ ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು, ಇಂದು ಕರಡಿಧಾಮವಾಗಿರುವ ಕಾಡು. ಜರಿಮಲೆ, ಉಜ್ಜಿನಿ, ಆಚೆಗೆ ಹರಪನಹಳ್ಳಿಯ ಉಚ್ಚಂಗಿದುರ್ಗ. ನಡುನಡುವೆ ಕೆಂಪು ಮಸಬು ಹೊಲ, ಜೋಳ, ಸಜ್ಜೆ, ಶೇಂಗಾ. ಹಡಗಲಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆದರೆ ಕೂಡ್ಲಿಗಿ, ಕೊಟ್ಟೂರಿನ ಎತ್ತರದ ನೆಲಕ್ಕೆ ಅವಳ ಕಾಲುವೆ ಹತ್ತಲಿಲ್ಲ. ಮಲೆನಾಡಿನ ಗುಡ್ಡಕ್ಕೆ ಮಳೆಯಿದೆ, ಕಾಫಿಯಿದೆ, 1990ರ ದಶಕದಿಂದ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಇದೆ. ಇಲ್ಲಿನ ಗುಡ್ಡಕ್ಕೆ ಸರ್ಕಾರಿ ಕಡತದಲ್ಲಿ ಸಿಕ್ಕ ಹೆಸರು 'ಬರಪೀಡಿತ' ಎಂಬುದು. ಗುಡ್ಡ ಬಳಸಿ ಶಾಲೆಗೆ ನಡೆಯುವ ಮಗುವಿನ ಕಷ್ಟ ಆ ಹೆಸರಿನಲ್ಲಿ ಕಾಣುವುದಿಲ್ಲ.

ಕಂಪನಿಯ ಕೊನೆಗಾಲದಲ್ಲಿ ಒಂದು, ರಾಣಿಯ ಆಳ್ವಿಕೆ ಬಂದ ಮೇಲೆ ಇನ್ನೊಂದು, ಹೀಗೆ ಶಾಲೆಗೆ ಹಣದ ದಾರಿ ಎರಡಾಯಿತು. 1854ರ ವುಡ್ ಅವರ ಶಿಕ್ಷಣ ಆಜ್ಞೆಯಿಂದ ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ಕೊಡುವ ಪದ್ಧತಿ ಹುಟ್ಟಿತು. ಅದು ಮೊದಲೇ ಶಾಲೆ ಕಟ್ಟಬಲ್ಲವರ ದಾರಿ. ಬಳ್ಳಾರಿ ಪಟ್ಟಣದಲ್ಲಿ ಲಂಡನ್ ಮಿಷನ್ನಿನವರ ವಾರ್ಡ್‌ಲಾ ಶಾಲೆ 1846ರಲ್ಲೇ ಶುರುವಾಗಿತ್ತು; ವೀರಶೈವ ವಿದ್ಯಾವರ್ಧಕ ಸಂಘ 1916ರಲ್ಲಿ ಹುಟ್ಟಿತು. ಎರಡೂ ಬಳ್ಳಾರಿಯವು. ಹರಪನಹಳ್ಳಿಯ ಹುಡುಗನಿಗೆ ಬಳ್ಳಾರಿ ಅಂದರೆ ನೂರು ಕಿಲೋಮೀಟರು ದಾಟಿದ ಊರು, ಅಲ್ಲಿ ಉಳಿಯಲು ನೆಂಟರ ಮನೆ ಬೇಕು, ಇಲ್ಲವೇ ವಾರಾನ್ನದ ಮನೆಗಳು ಬೇಕು.

ಎರಡನೆಯ ದಾರಿ ಸ್ಥಳೀಯ ತೆರಿಗೆಯದು. 1871ರ ಮದ್ರಾಸ್ ಲೋಕಲ್ ಫಂಡ್ ಕಾಯ್ದೆ ಜಮೀನಿನ ಮೇಲೆ ರೂಪಾಯಿಗೆ ಒಂದಾಣೆಯವರೆಗೆ ಸೆಸ್ ಹಾಕಲು ಬಿಟ್ಟಿತು. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲಕ್ಕೂ ಆ ಒಂದಾಣೆಯೇ ಆಧಾರ. 1884ರ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. 1920ರ ಕಾಯ್ದೆ ಅವನ್ನು ಇನ್ನಷ್ಟು ಬಲಪಡಿಸಿತು. ಹಳೆಯ ತಲೆಮಾರಿನವರ ಬಾಯಲ್ಲಿ ಇಂದಿಗೂ ಉಳಿದಿರುವ 'ಬೋರ್ಡ್ ಹೈಸ್ಕೂಲು' ಎಂಬ ಮಾತು ಆ ಕಾಲದ್ದು.

ಈ ಒಂದಾಣೆಯ ಲೆಕ್ಕದಲ್ಲೇ ಒಣ ಸೀಮೆಯ ಹಣೆಬರಹ ಬರೆದಿತ್ತು. ಸೆಸ್ಸು ಜಮೀನಿನ ಹುಟ್ಟುವಳಿ, ಕಂದಾಯಕ್ಕೆ ತಕ್ಕಂತೆ ಏರುವಂಥದು. ಗೋದಾವರಿ, ತಂಜಾವೂರಿನಂಥ ನೀರಾವರಿ ಜಿಲ್ಲೆಗಳ ಗದ್ದೆಗೆ ಕಂದಾಯ ಹೆಚ್ಚು, ಹಾಗಾಗಿ ಬೋರ್ಡಿನ ಖಜಾನೆಯೂ ತುಂಬುತ್ತಿತ್ತು. ಕೂಡ್ಲಿಗಿಯ ಮಸಬು ಹೊಲಕ್ಕೆ ಕಂದಾಯವೇ ಅತ್ಯಲ್ಪ. ಬರಗಾಲ ಬಿದ್ದ ವರ್ಷ ಅದಕ್ಕೂ ಮಾಫಿ. 1876–78ರ ಮಹಾಕ್ಷಾಮದಲ್ಲಿ ಇಡೀ ಪ್ರಾಂತ್ಯದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಊರಿಗೆ ಊರೇ ಖಾಲಿಯಾದ ಕಡೆ ಸೆಸ್ಸು ಎಲ್ಲಿಂದ ಬರಬೇಕು, ಶಾಲೆ ಯಾವುದರಿಂದ ನಡೆಯಬೇಕು? ಯಾವ ಸೀಮೆಗೆ ಸರ್ಕಾರದ ಕೈ ಹೆಚ್ಚು ಬೇಕಿತ್ತೋ ಆ ಸೀಮೆಯೇ ತನ್ನ ಶಾಲೆಯ ಖರ್ಚನ್ನು ತಾನೇ ಹುಟ್ಟಿಸಬೇಕಿತ್ತು. ಹೀಗಾಗಿ ಹೈಸ್ಕೂಲು ಎಂಬುದು ತಾಲ್ಲೂಕು ಕಸಬೆಯ ಆಚೆಗೆ ಹೆಜ್ಜೆಯಿಡಲು ಬಹಳ ಕಾಲ ಹಿಡಿಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಈ ತಾಲ್ಲೂಕುಗಳು ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರವರೆಗೂ ಹೋಯಿತು. ಪಡುವಣ ತಾಲ್ಲೂಕುಗಳ ಕನ್ನಡತನದ ಬಗ್ಗೆ ಅಂಥ ತಕರಾರೇನೂ ಇರಲಿಲ್ಲ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ ಕೇಂದ್ರಕ್ಕೆ ವರದಿ ಕೊಟ್ಟಿತು. ವಿವಿಧೋದ್ದೇಶ ಹೈಸ್ಕೂಲು, ಕಸುಬಿನ ಶಿಕ್ಷಣ, ಪರೀಕ್ಷೆಯ ಸುಧಾರಣೆ ಎಲ್ಲ ಅದರಲ್ಲಿತ್ತು. ಆದರೆ ಶಿಕ್ಷಣ ಆಗ ರಾಜ್ಯಗಳ ಪಟ್ಟಿಯ ವಿಷಯ. ಹೈಸ್ಕೂಲು ಕಟ್ಟಿ ನಡೆಸುವ ಭಾರವನ್ನು ಕೇಂದ್ರ ದೊಡ್ಡ ಮಟ್ಟದಲ್ಲಿ ಹೊತ್ತುಕೊಂಡದ್ದು ಅರ್ಧ ಶತಮಾನ ಕಳೆದ ಮೇಲೆ.

1956ರ ಏಕೀಕರಣದ ಹೊತ್ತಿಗೆ ಹೊಸ ರಾಜ್ಯದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಶಾಲಾ ಪದ್ಧತಿ. ಮದ್ರಾಸಿನ ಫಾರಂಗಳು, ಮುಂಬಯಿಯ ಇಯತ್ತೆಗಳು, ಹೈದರಾಬಾದಿನದೇ ಒಂದು, ಹಳೆ ಮೈಸೂರಿನದೇ ಇನ್ನೊಂದು. ಎಲ್ಲವನ್ನೂ ಹೊಂದಿಸಿ ಕೊನೆಗೆ ಏಳು ವರ್ಷದ ಪ್ರಾಥಮಿಕ, ಮೂರು ವರ್ಷದ ಪ್ರೌಢಶಾಲೆ ಎಂಬ ವ್ಯವಸ್ಥೆ ನೆಲೆನಿಂತಿತು. 1961ರ ಕಾಯ್ದೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತು. ಊರೂರಿಗೆ ಪ್ರಾಥಮಿಕ ಶಾಲೆ ಬಂದವು, ದೊಡ್ಡ ಊರುಗಳಲ್ಲಿ ಏಳನೇ ಕ್ಲಾಸಿನವರೆಗೂ ಬೆಳೆದವು.

ಅಲ್ಲಿಗೆ ಕಂದಕ ಎಲ್ಲಿ ಬಿತ್ತೆಂಬುದು ಗೊತ್ತಾಯಿತು. ಏಳು ಮುಗಿದ ಮೇಲೆ ಶಾಲೆಯಲ್ಲಿ ಟಿ.ಸಿ. ಕೊಡುತ್ತಾರೆ. ಹುಟ್ಟಿದ ದಿನಾಂಕ, ಜಾತಿ, ನಡತೆ ತೃಪ್ತಿಕರ, ಕೆಳಗೆ ಹೆಡ್‌ಮಾಸ್ತರರ ಸಹಿ, ನೀಲಿ ಮೊಹರು. ಆ ಕಾಗದ ಇನ್ನೊಂದು ಊರಿನ ಹೈಸ್ಕೂಲಿನ ದಾಖಲಾತಿ ಪುಸ್ತಕಕ್ಕೆ ಹತ್ತಬೇಕು. ಎಷ್ಟೋ ಮನೆಗಳಲ್ಲಿ ಅದು ಟ್ರಂಕಿನ ತಳ ಸೇರಿತು. ಗಂಡುಹುಡುಗ ಕುರಿ ಹಿಂದೆ ಹೋದ, ಇಲ್ಲವೇ ಗೌಂಡಿ ಕೆಲಸಕ್ಕೆ. ಹುಡುಗಿಯಾದರೆ ಮನೆಗೆಲಸ, ತಮ್ಮ ತಂಗಿಯರ ಪಾಲನೆ, ವರ್ಷ ಎರಡು ವರ್ಷಕ್ಕೆ ಮದುವೆ. ಮಗಳನ್ನು ಓದಿಸಬಾರದೆಂಬ ಹಟ ಎಲ್ಲ ಕಡೆಯೂ ಇತ್ತೆಂದು ಹೇಳುವುದು ಆ ತಾಯಂದಿರಿಗೆ ಅನ್ಯಾಯ. ನಾಲ್ಕು ಮೈಲಿ ಒಂಟಿ ದಾರಿ, ನಡುವೆ ಹಳ್ಳ, ಗುಡ್ಡದ ಓರೆ, ಸಂಜೆ ಬಸ್ಸಿಲ್ಲ ಅಂದಾಗ ಹೆದರುವುದು ಸಹಜವೇ.

ಈ ಕಂದಕ ತುಂಬಲು ಮೊದಲು ಮುಂದಾದವು ಮಠಗಳು, ಊರಿನ ವಿದ್ಯಾಸಂಸ್ಥೆಗಳು. ಕೊಟ್ಟೂರು, ಉಜ್ಜಿನಿ, ಹರಪನಹಳ್ಳಿ ಸೀಮೆಯಲ್ಲಿ ಮಠ ಎಂದರೆ ಬರೀ ಪೂಜೆಯ ಜಾಗ ಅಲ್ಲ. ಊರವರು ಜಾಗ ಕೊಟ್ಟರು, ವರ್ತಕರು ಅಡತಿ ಅಂಗಡಿಗಳಲ್ಲಿ ಚಂದಾ ಎತ್ತಿದರು, ಸ್ವಾಮಿಗಳು ಜೋಳಿಗೆ ಹಿಡಿದರು. 1967ರ ಅನುದಾನ ಸಂಹಿತೆಯಡಿ ಇಂಥ ಹೈಸ್ಕೂಲುಗಳ ಮೇಷ್ಟ್ರುಗಳಿಗೆ ಸರ್ಕಾರದಿಂದ ಸಂಬಳ ಸಿಗತೊಡಗಿತು. ಕಟ್ಟಡ ಊರಿನದು, ಸಂಬಳ ಸರ್ಕಾರದ್ದು. ನನ್ನ ತಿಳಿವಳಿಕೆಯಲ್ಲಿ ಈ ಸೀಮೆಯ ಹಳ್ಳಿಗಾಡಿಗೆ ಹೈಸ್ಕೂಲು ತಂದ ಏರ್ಪಾಡುಗಳಲ್ಲಿ ಇದಕ್ಕಿಂತ ಫಲ ಕೊಟ್ಟದ್ದು ಕಡಿಮೆ. ಅನುದಾನ ಇರುವವರೆಗೆ ಬಡ ಊರೂ ಶಾಲೆಯ ಕನಸು ಕಾಣಬಹುದಿತ್ತು. 1987ರಲ್ಲಿ ಹೊಸ ಶಾಲೆಗಳಿಗೆ ಆ ಬಾಗಿಲು ಮುಚ್ಚಿತು. ಅಲ್ಲಿಂದ 1995ರವರೆಗೆ ಹುಟ್ಟಿದ ಶಾಲೆಗಳನ್ನು ಸರ್ಕಾರ ಬಹಳ ವರ್ಷಗಳ ನಂತರ ಅನುದಾನಕ್ಕೆ ತೆಗೆದುಕೊಂಡಿತು. 1995ರಿಂದೀಚಿನ ಕನ್ನಡ ಶಾಲೆಗಳ ಮೇಷ್ಟ್ರುಗಳು ಇವತ್ತಿಗೂ ಧರಣಿ ಕೂರುತ್ತಿದ್ದಾರೆ.

ಬೋರ್ಡ್ ಹೈಸ್ಕೂಲುಗಳದು ಬೇರೆ ದಾರಿ. 1959ರ ಮೈಸೂರು ಗ್ರಾಮ ಪಂಚಾಯ್ತಿ ಮತ್ತು ಲೋಕಲ್ ಬೋರ್ಡುಗಳ ಕಾಯ್ದೆಯಿಂದ ಜಿಲ್ಲಾ ಬೋರ್ಡುಗಳು ಹೋಗಿ ತಾಲ್ಲೂಕು ಬೋರ್ಡುಗಳು ಬಂದವು. ಮುಂದೆ ಹೈಸ್ಕೂಲುಗಳು ಸರ್ಕಾರಿಯಾದವು. 1971ರಲ್ಲಿ ಎರಡು ವರ್ಷದ ಪಿ.ಯು.ಸಿ. ಬಂದಾಗ ಕಸಬೆಯ ಹೈಸ್ಕೂಲುಗಳು ಒಂದೊಂದಾಗಿ ಜೂನಿಯರ್ ಕಾಲೇಜಾದವು. ಪಟ್ಟಣದ ಶಾಲೆ ಮೇಲಕ್ಕೆ ಬೆಳೆಯಿತು. ಹಳ್ಳಿಯ ಎಂಟನೇ ಕ್ಲಾಸಿನ ಪ್ರಶ್ನೆ ಇದ್ದಲ್ಲೇ ಉಳಿಯಿತು.

1997ರ ಆಗಸ್ಟ್ 15ರಂದು ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾಲದಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿತು. ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಿದರು. ಆಗ ಅದು ಸರಿಯಾಗೇ ಕಂಡಿತು. ದಾವಣಗೆರೆ ಬಳ್ಳಾರಿಯ ಅರ್ಧದಷ್ಟೂ ದೂರವಿಲ್ಲ. ಮಾರುಕಟ್ಟೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಜನ ಮೊದಲಿನಿಂದ ಅಲ್ಲಿಗೇ ಹೋಗುತ್ತಿದ್ದರು. ಆ ಗೆರೆಯಿಂದ ಏನೇನು ಕೈತಪ್ಪಲಿದೆ ಎಂದು ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಮೊದಲ ಪೆಟ್ಟು ಐದೇ ವರ್ಷಕ್ಕೆ ಬಿತ್ತು. 2002ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಶುರುಮಾಡಿತು. ಮೊದಲ ಸುತ್ತಿಗೆ ಆರಿಸಿದ್ದು ಏಳು ಜಿಲ್ಲೆಗಳನ್ನು: ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ಬಿಜಾಪುರ. ಕೂಡ್ಲಿಗಿಯ ಶಾಲೆಯಲ್ಲಿ ಅನ್ನ ಬೇಯುತ್ತಿದ್ದಾಗ ಪಕ್ಕದ ಹರಪನಹಳ್ಳಿಯ ಮಗು ಬುತ್ತಿ ಇದ್ದರೆ ಉಂಡಿತು, ಇಲ್ಲದಿದ್ದರೆ ಇಲ್ಲ. ದಾವಣಗೆರೆ ಜಿಲ್ಲೆಯ ಸರದಿ ಬಂದದ್ದು ಮರುವರ್ಷ.

ಕಾಕತಾಳೀಯವೋ ಏನೋ, ಅದೇ 2002ರ ಜೂನ್‌ನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ನಂಜುಂಡಪ್ಪನವರು ಅಳತೆಯ ಕೋಲನ್ನೇ ಬದಲಿಸಿದರು. ಜಿಲ್ಲೆ, ವಿಭಾಗಗಳ ಸರಾಸರಿಯನ್ನು ನೆಚ್ಚಲಿಲ್ಲ. ತಾಲ್ಲೂಕನ್ನೇ ಘಟಕ ಮಾಡಿಕೊಂಡು 35 ಸೂಚ್ಯಂಕಗಳಲ್ಲಿ ಅಳೆದರು. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಬಳ್ಳಾರಿಯ ಕೂಡ್ಲಿಗಿ, ದಾವಣಗೆರೆಯ ಹರಪನಹಳ್ಳಿ ಎರಡೂ ಆ 39ರಲ್ಲಿದ್ದವು. ಹಡಗಲಿ, ಹಗರಿಬೊಮ್ಮನಹಳ್ಳಿಗಳೂ 114ರಿಂದ ಹೊರಗುಳಿಯಲಿಲ್ಲ. ಜಿಲ್ಲೆಯ ಗೆರೆ ಬೇರೆ ಮಾಡಿದ್ದ ಊರುಗಳನ್ನು ಹಿಂದುಳಿದಿರುವಿಕೆ ಮತ್ತೆ ಒಂದೇ ಪಟ್ಟಿಗೆ ತಂದಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತು. ಅದು ಬಜೆಟ್ಟಿನಲ್ಲಿ ಜಾರಿಗೆ ಬಂದದ್ದು 2007–08ರಿಂದ. ಐದು ವರ್ಷ ಎಂದರೆ ಆರನೇ ಕ್ಲಾಸಿನ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ.

ಆ ನಡುವೆ ಬಂದ ಒಂದು ಯೋಜನೆಗೆ ಈ ಕಥೆಯಲ್ಲಿ ದೊಡ್ಡ ಜಾಗ ಕೊಡಬೇಕು. 2006–07ರಿಂದ ಎಂಟನೇ ಕ್ಲಾಸಿಗೆ ಸೇರಿದ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಮೊದಲು ಬಡ ಮನೆಯ ಹೆಣ್ಣುಮಕ್ಕಳಿಗೆ, ಆಮೇಲೆ ಹೆಚ್ಚುಕಡಿಮೆ ಎಲ್ಲರಿಗೂ. ಬಿಸಿಯೂಟವೂ ಹೈಸ್ಕೂಲಿಗೆ ಹತ್ತಿತು. ಸರಿಯಾಗಿ ಏಳು ಮತ್ತು ಎಂಟರ ನಡುವಿನ ಆ ಕಂದಕದ ಮೇಲೇ ಸೈಕಲ್ಲಿನ ಗಾಲಿ ಉರುಳಿತು. ನಾಲ್ಕೈದು ಹುಡುಗಿಯರು ಜೊತೆಯಾಗಿ ಸೈಕಲ್ ತುಳಿದುಕೊಂಡು ಹೋದರೆ ಒಂಟಿ ದಾರಿಯ ಹೆದರಿಕೆ ಅರ್ಧ ಇಳಿಯಿತು. ಏರಿನಲ್ಲಿ ಇಳಿದು ತಳ್ಳಬೇಕು, ಜಾಲಿಮುಳ್ಳು ಚುಚ್ಚಿದರೆ ಪಂಕ್ಚರ್ ಅಂಗಡಿ ಸಿಗುವತನಕ ನಡೆಯಬೇಕು, ಆದರೂ ಟಿ.ಸಿ. ಟ್ರಂಕು ಸೇರುವುದು ತಪ್ಪಿತು. ಕೋವಿಡ್ ಕಾಲಕ್ಕೆ ನಿಂತುಹೋದ ಆ ಯೋಜನೆಗಾಗಿ ಹಳ್ಳಿಯ ಹೈಸ್ಕೂಲುಗಳಲ್ಲಿ ಈಗಲೂ ಕೇಳುತ್ತಾರೆ. ಅದನ್ನು ನಿಲ್ಲಿಸಬಾರದಿತ್ತು.

2009ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಘೋಷಿಸಿತು. 1976ರಲ್ಲಿ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂದ ಮೇಲೂ ಕಾದು ಕಾದು ಬಂದ ಯೋಜನೆ ಅದು. ಖರ್ಚಿನಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಪ್ರತಿ ಜನವಸತಿಗೂ 5 ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂಬುದು ಗುರಿ. ಹಿರಿಯ ಪ್ರಾಥಮಿಕ ಶಾಲೆಗಳನ್ನು ಮೇಲ್ದರ್ಜೆಗೆ ಏರಿಸುವುದು, ಕೊಠಡಿ, ಪ್ರಯೋಗಾಲಯ, ಶೌಚಾಲಯ ಕಟ್ಟುವುದು, ಶಿಕ್ಷಕರ ಹುದ್ದೆ ಕೊಡುವುದು ಎಲ್ಲ ಅದರಲ್ಲಿತ್ತು. ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕುಗಳಿಗೆ ಮಾದರಿ ಶಾಲೆಗಳ ಯೋಜನೆಯೂ ಅದೇ ಹೊತ್ತಿಗೆ ಬಂತು. ಕರ್ನಾಟಕದಲ್ಲಿ ಅವೇ 74 ಆದರ್ಶ ವಿದ್ಯಾಲಯಗಳು. 2015ರಲ್ಲಿ ಕೇಂದ್ರ ಅವುಗಳಿಂದ ಕೈ ತೆಗೆದಾಗ ರಾಜ್ಯ ಸರ್ಕಾರ ಮುಚ್ಚದೆ ನಡೆಸಿಕೊಂಡು ಬಂದದ್ದು ಮೆಚ್ಚಬೇಕಾದ ಕೆಲಸ.

ಐದು ಕಿಲೋಮೀಟರಿನ ನಿಯಮ ಬಯಲಿಗೆ ಸರಿ. ಗುಡೇಕೋಟೆಯ ಕಡೆ ಎರಡು ಊರುಗಳ ನಡುವೆ ಗುಡ್ಡ ಅಡ್ಡ ಕೂತರೆ ಬಳಸುದಾರಿ ಎಷ್ಟಾಗುತ್ತದೆಂದು ನಡೆದವರಿಗೇ ಗೊತ್ತು. ಇನ್ನೊಂದು ತೊಡಕು ಲೆಕ್ಕಪತ್ರದ್ದು. ಬಹಳ ಕಾಲ ಸರ್ಕಾರದ ಖರ್ಚು ಯೋಜನೆ, ಯೋಜನೇತರ ಎಂದು ಎರಡು ಬಾಬತ್ತಿನಲ್ಲಿ ಹಂಚಿಹೋಗಿತ್ತು. ಕಟ್ಟಡಕ್ಕೆ ಯೋಜನೆಯ ಹಣ ಬೇಗ ಸಿಗುತ್ತಿತ್ತು, ಉದ್ಘಾಟನೆಯ ಕಲ್ಲೂ ನೆಡಬಹುದಿತ್ತು. ಶಿಕ್ಷಕರ ಸಂಬಳ ವರ್ಷ ವರ್ಷವೂ ಬೀಳುವ ಹೊರೆ, ಅದಕ್ಕೆ ಆರ್ಥಿಕ ಇಲಾಖೆ ಕೈ ಬಿಗಿ ಹಿಡಿಯಿತು. ಗಣಿತ, ಇಂಗ್ಲಿಷಿಗೆ ನೇಮಕವಾದವರು ಎರಡು ಮೂರು ವರ್ಷಕ್ಕೆ ತಮ್ಮೂರ ಕಡೆಗೆ ವರ್ಗ ಮಾಡಿಸಿಕೊಂಡರು. ಉಳಿದ ಪಾಠಕ್ಕೆ ಅತಿಥಿ ಶಿಕ್ಷಕರು.

ಆಮೇಲೆ ಬಂದದ್ದು 371(ಜೆ) ವಿಧಿ. ಸಂವಿಧಾನದ 98ನೇ ತಿದ್ದುಪಡಿ 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕಕ್ಕೆ, ವಿಶೇಷ ಸ್ಥಾನ ಕೊಟ್ಟಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಸ್ಥಳೀಯ ವೃಂದದ ನೇಮಕದಲ್ಲಿ ಸಿ ಗುಂಪಿನ ಹುದ್ದೆಗಳಿಗೆ ಶೇ 80 ಮೀಸಲು. 1800ರಿಂದೀಚೆಗೆ ನಿಜಾಮನ ಸೀಮೆ ಅಲ್ಲದಿದ್ದರೂ ಬಳ್ಳಾರಿ ಜಿಲ್ಲೆ ಈ ಆರು ಜಿಲ್ಲೆಗಳ ಪಟ್ಟಿಯಲ್ಲಿ ಸೇರಿತು. ಹೀಗೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಬಾಗಿಲು ತೆರೆಯಿತು. ಹರಪನಹಳ್ಳಿ ದಾವಣಗೆರೆಯಲ್ಲಿತ್ತು. 1953ರಲ್ಲಿ ಒಟ್ಟಿಗೆ ಮೈಸೂರು ಸೇರಿದ, 2002ರಲ್ಲಿ ಒಂದೇ ಪಟ್ಟಿಯಲ್ಲಿ ಅತ್ಯಂತ ಹಿಂದುಳಿದದ್ದೆಂದು ಬರೆಸಿಕೊಂಡ ತಾಲ್ಲೂಕು ಹೊರಗೆ ನಿಂತಿತು.

ಈ ಬಾರಿ ಹರಪನಹಳ್ಳಿ ಸುಮ್ಮನಿರಲಿಲ್ಲ. ಬಂದ್, ಪಾದಯಾತ್ರೆ, ಧರಣಿ ವರ್ಷಗಟ್ಟಲೆ ನಡೆದವು. ಹತ್ತಿರದ ದಾವಣಗೆರೆಯನ್ನು ಬಿಟ್ಟು ದೂರದ ಬಳ್ಳಾರಿಗೆ ನಮ್ಮನ್ನು ಮರಳಿಸಿ ಎಂದು ಒಂದು ತಾಲ್ಲೂಕೇ ಕೇಳಿತು. ಕಚೇರಿ ಕೆಲಸಕ್ಕೆ ಬಸ್ಸಿನಲ್ಲಿ ದಿನವಿಡೀ ಸವೆಯುವುದಕ್ಕೆ ಅವರು ತಯಾರಿದ್ದರು, ಮಕ್ಕಳ ಸೀಟು ಮತ್ತು ನೌಕರಿಗಾಗಿ. ಶಾಸಕ ಎಂ.ಪಿ. ರವೀಂದ್ರ ಈ ಬೇಡಿಕೆಯನ್ನು ಬೆಂಗಳೂರಿನವರೆಗೂ ಹೊತ್ತರು. ಅವರು ಹಡಗಲಿಯ ನಾಯಕ, ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶರ ಮಗ. 2018ರಲ್ಲಿ ಸಿದ್ದರಾಮಯ್ಯ ಸರ್ಕಾರದ ಸಂಪುಟ ಹರಪನಹಳ್ಳಿಯನ್ನು ಬಳ್ಳಾರಿಗೆ ಮರಳಿಸಲು ಒಪ್ಪಿತು. ಅದೇ ವರ್ಷ ನವೆಂಬರ್‌ನಲ್ಲಿ ರವೀಂದ್ರ ತೀರಿಕೊಂಡರು. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾದದ್ದೂ ಆ ಕಾಲದಲ್ಲೇ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆಗೂಡಿ ಒಂದೇ ಜಿಲ್ಲೆಯವಾದವು.

ಹಣ ಈಗ ಇಲ್ಲವೆನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಇಟ್ಟರು. 'ಅಕ್ಷರ ಆವಿಷ್ಕಾರ' ಎಂಬ ಹೆಸರಿನಲ್ಲಿ ಮಂಡಳಿ ಶಾಲೆಗಳಿಗೆ ಒತ್ತು ಕೊಡುತ್ತಿದೆ. ಆ ಹಣದ ಬಹುಪಾಲು ಕೊಠಡಿಗಳಿಗೇ ಹೋಗಿಬಿಟ್ಟರೆ ಈ ಸೀಮೆಯ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ಗುಳೆಯ ಪ್ರಶ್ನೆ. ಸುಗ್ಗಿ ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಲೇ ತಾಂಡಾಗಳಿಂದ, ಕೇರಿಗಳಿಂದ ಜನ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮರಳುವುದು ಯುಗಾದಿಯ ಹೊತ್ತಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿ ನಡೆಯುವುದು ಸರಿಯಾಗಿ ಆ ತಿಂಗಳುಗಳಲ್ಲಿ. ಕ್ಯಾಂಬೆಲ್ ಬರೆದ ಎಳೆಯ ಕೈಗಳ ಮಾತು ಇಲ್ಲಿ ಹದಿನಾಲ್ಕು, ಹದಿನೈದು ವಯಸ್ಸಿನ ಕೈಗಳಿಗೆ ಹೊಂದುತ್ತದೆ, ಯಾಕೆಂದರೆ ಆ ವಯಸ್ಸಿಗೆ ತೋಟದಲ್ಲಿ ಪೂರಾ ಆಳಿನ ಕೂಲಿ.

ಸರ್ವ ಶಿಕ್ಷಣ ಅಭಿಯಾನ ಗುಳೆ ಹೋಗುವವರ ಮಕ್ಕಳಿಗೆಂದು ಹಂಗಾಮಿ ವಸತಿ ಶಾಲೆಗಳನ್ನು ತೆರೆಯಿತು. ಅದರ ವ್ಯಾಪ್ತಿ ಹದಿನಾಲ್ಕು ವರ್ಷಕ್ಕೇ ಮುಗಿಯುತ್ತಿತ್ತು. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಹನ್ನೆರಡನೇ ತರಗತಿಯವರೆಗೂ ಹರಡಿದೆ. ಹಾಗಿದ್ದರೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಊರಲ್ಲೇ ಉಳಿದು ಓದುವಂತೆ ಪ್ರತಿ ಹೋಬಳಿಗೊಂದು ಹಂಗಾಮಿ ಹಾಸ್ಟೆಲ್ಲು, ಅಲ್ಲಿ ಅಡುಗೆಯವರು, ಒಬ್ಬ ವಾರ್ಡನ್, ಸಂಜೆಯ ಪಾಠಕ್ಕೆ ಗಣಿತ ಮತ್ತು ಇಂಗ್ಲಿಷಿನ ಮೇಷ್ಟ್ರು, ಇಷ್ಟಕ್ಕೆ ಮಂಡಳಿಯ ಬಜೆಟ್ಟಿನಲ್ಲಿ ಒಂದು ಬಾಬತ್ತು ತೆರೆಯಲು ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಯಾವ ತಾಂಡಾದಿಂದ ಎಷ್ಟು ಕುಟುಂಬ ಹೊರಟವೆಂಬುದನ್ನು ಆಯಾ ಊರಿನ ಹೈಸ್ಕೂಲಿನ ಹಾಜರಿ ಪುಸ್ತಕದ ಡಿಸೆಂಬರ್ ತಿಂಗಳ ಪುಟದಿಂದಲೇ ಎಣಿಸಬಹುದು.